ಹಳೆಯ 7-ಐರನ್, ಹೊಸ 7-ಐರನ್: ನಡುವಿನ 25 ಗಜ ಎಲ್ಲಿಂದ ಬಂತು?

ಪ್ರಶ್ನೆ — ನಿಧಾನಸ್ವಿಂಗ್

ಎಲ್ಲರಿಗೂ ನಮಸ್ಕಾರ. ನನ್ನ ದೊಡ್ಡಪ್ಪನವರು ಆಡುತ್ತಿದ್ದ, 1970ರ ದಶಕದ ಮೊದಲ ವರ್ಷಗಳಲ್ಲಿ ತಯಾರಾದ, ಗಾಲ್ಫ್ ಆಟದ, ಬಡಿದು ರೂಪಿಸಿದ ತೆಳು ಉಕ್ಕಿನ ಹೆಡ್‌ನ ಕ್ಲಬ್‌ಗಳಾದ ಫೋರ್ಜ್ಡ್ ಬ್ಲೇಡ್ ಐರನ್‌ಗಳ ಸೆಟ್ ಈಚೆಗೆ ನನ್ನ ಕೈಸೇರಿತು. 2-ಐರನ್‌ನಿಂದ 9-ಐರನ್‌ವರೆಗೆ ಎಂಟು ಕ್ಲಬ್‌ಗಳು, ಜೊತೆಗೊಂದು ಪಿಚಿಂಗ್ ವೆಡ್ಜ್. ಕ್ರೋಮ್ ಅಲ್ಲಲ್ಲಿ ಸವೆದಿದೆ. 7-ಐರನ್‌ನ ಮುಖದಲ್ಲಿ, ಕೆಳಗಿನಿಂದ ಎರಡನೆಯ ಮತ್ತು ಐದನೆಯ ಗ್ರೂವ್‌ಗಳ (ಕೊರೆದ ಅಡ್ಡಗೆರೆಗಳ) ನಡುವೆ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಬೂದುಬಣ್ಣದ ಕಲೆಯೊಂದಿದೆ. ದೊಡ್ಡಪ್ಪನವರು ವರ್ಷಗಟ್ಟಲೆ ಚೆಂಡನ್ನು ಅದೇ ಜಾಗದಲ್ಲಿ ತಾಗಿಸಿ ತಾಗಿಸಿ ಲೋಹ ಅಲ್ಲಿ ಮಾತ್ರ ಮಂಕಾಗಿದೆ. ಅದನ್ನು ನೋಡಿದಾಗಲೆಲ್ಲ ಈ ಸೆಟ್ಟನ್ನು ಗೋಡೆಗೆ ತೂಗುಹಾಕಿ ಸುಮ್ಮನಾಗಲು ಮನಸ್ಸು ಬರುವುದಿಲ್ಲ.

ನಾನು ನಾಲ್ಕು ವರ್ಷಗಳಿಂದ ಆಡುತ್ತಿರುವುದು ಹೊಸ ಕಾಲದ, ದಪ್ಪ ತಳದ, ಟೊಳ್ಳು ಬೆನ್ನಿನ ಐರನ್‌ಗಳಲ್ಲಿ. 5-ಐರನ್‌ನಿಂದ ಪಿಚಿಂಗ್ ವೆಡ್ಜ್‌ವರೆಗೆ ಆರು ಕ್ಲಬ್‌ಗಳು. ನನ್ನ ಸ್ವಿಂಗ್ ವೇಗ 7-ಐರನ್‌ನಲ್ಲಿ ಗಂಟೆಗೆ 80 ಮೈಲಿಯ ಆಸುಪಾಸಿನಲ್ಲಿದೆ. ಹೊಸ 7-ಐರನ್‌ನಲ್ಲಿ ಚೆನ್ನಾಗಿ ತಾಗಿದ ಚೆಂಡು ಗಾಳಿಯಲ್ಲಿ 150 ಗಜ ಸಾಗುತ್ತದೆ. ಹಳೆಯ 7-ಐರನ್‌ನಲ್ಲಿ, ಅಷ್ಟೇ ಚೆನ್ನಾಗಿ ತಾಗಿತೆಂದು ಕೈಗೆ ಅನ್ನಿಸಿದ ಹೊಡೆತವೂ 125 ಗಜ ದಾಟುವುದಿಲ್ಲ. ಆದರೆ ಅದು ಏರುವ ಎತ್ತರ, ಬಿದ್ದಲ್ಲೇ ನಿಲ್ಲುವ ಬಗೆ ಬಹಳ ಹಿತವಾಗಿದೆ.

ನನ್ನ ಸಂದೇಹ ಇಷ್ಟು. ಈ 25 ಗಜ ನಿಜವಾಗಿಯೂ ಐವತ್ತು ವರ್ಷಗಳ ತಂತ್ರಜ್ಞಾನದ ಫಲವೇ? ಅಥವಾ, ಕೆಲವರು ಹೇಳುವ ಹಾಗೆ, ಹಳೆಯ 5-ಐರನ್‌ನ ಮೇಲೆ 7 ಎಂಬ ಅಂಕಿ ಕೊರೆದದ್ದರ ಫಲವಷ್ಟೆಯೇ? ಎರಡೂ ಸ್ವಲ್ಪ ಸ್ವಲ್ಪ ನಿಜವಾಗಿದ್ದರೆ, ಯಾವುದರ ಪಾಲೆಷ್ಟು ಎಂದು ಕಂಡುಕೊಳ್ಳುವುದು ಹೇಗೆ? ಕೊನೆಯದಾಗಿ, ಹಳೆಯ ಸೆಟ್ಟನ್ನು ಆಟಕ್ಕೆ ತಂದರೆ ನಾನು ಕಳೆದುಕೊಳ್ಳುವುದು ಏನನ್ನು? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ — ಲಾಫ್ಟ್‌ಮಾಪಕ

ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಒಂದು ಕೆಲಸ ಮಾಡಿ. ಎರಡೂ ಸೆಟ್‌ಗಳ ತಳದಲ್ಲಿರುವ ಅಂಕಿಗಳನ್ನು ಮರೆತು, ಪ್ರತಿಯೊಂದು ಕ್ಲಬ್‌ನ ಲಾಫ್ಟ್ (ಮುಖ ಹಿಂದಕ್ಕೆ ವಾಲಿರುವ ಕೋನ) ಮತ್ತು ಉದ್ದವನ್ನು ಅಳೆಸಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಕ್ಲಬ್ ರಿಪೇರಿ ಮಾಡುವವರ ಬಳಿ ಲಾಫ್ಟ್ ಮತ್ತು ಲೈ (ಕೋಲು ನೆಲಕ್ಕೆ ಓರೆಯಾಗಿ ನಿಲ್ಲುವ ಕೋನ) ಅಳೆಯುವ ಯಂತ್ರವಿರುತ್ತದೆ. ಎರಡು ಸೆಟ್‌ಗಳಿಗೂ ಸೇರಿ ಅರ್ಧ ಗಂಟೆಯ ಕೆಲಸ. ಕ್ಯಾಟಲಾಗಿನಲ್ಲಿರುವ ಲಾಫ್ಟನ್ನು ನಂಬಬೇಡಿ. ಐವತ್ತು ವರ್ಷ ನೆಲಕ್ಕೆ ಬಡಿಸಿಕೊಂಡ ಮೆತ್ತನೆಯ ಕಾರ್ಬನ್ ಉಕ್ಕು ಒಂದೆರಡು ಡಿಗ್ರಿ ಬಾಗಿರುವುದು ತೀರ ಸಾಮಾನ್ಯ, ಅದರಲ್ಲೂ ಹೆಚ್ಚು ಬಳಕೆಯಾಗುವ ಕ್ಲಬ್‌ಗಳಲ್ಲಿ.

ಆ ಕಾಲದ ಸೆಟ್‌ಗಳಲ್ಲಿ ಲಾಫ್ಟ್ ಸಾಮಾನ್ಯವಾಗಿ ನಾಲ್ಕು ನಾಲ್ಕು ಡಿಗ್ರಿಯ ಮೆಟ್ಟಿಲಿನಂತೆ ಏರುತ್ತಿತ್ತು. 2-ಐರನ್‌ಗೆ 20 ಡಿಗ್ರಿ ಎಂದಿಟ್ಟುಕೊಂಡರೆ 5-ಐರನ್‌ಗೆ 32, 7-ಐರನ್‌ಗೆ 40, 9-ಐರನ್‌ಗೆ 48, ಪಿಚಿಂಗ್ ವೆಡ್ಜ್‌ಗೆ 52ರ ಸುಮಾರು ಬರುತ್ತಿತ್ತು. ತಯಾರಕರಿಂದ ತಯಾರಕರಿಗೆ ಒಂದೆರಡು ಡಿಗ್ರಿ ಹೆಚ್ಚುಕಡಿಮೆ. 1990ರ ದಶಕಕ್ಕೆ ಬರುವ ಹೊತ್ತಿಗೆ 7-ಐರನ್ 35 ಅಥವಾ 36ಕ್ಕೆ, ಪಿಚಿಂಗ್ ವೆಡ್ಜ್ 48ಕ್ಕೆ ಇಳಿದಿತ್ತು. ಇಂದು ದೂರಕ್ಕೆಂದೇ ಮಾಡಿದ ಐರನ್‌ಗಳಲ್ಲಿ 7-ಐರನ್ 28ರಿಂದ 30ರ ನಡುವೆ, ಪಿಚಿಂಗ್ ವೆಡ್ಜ್ 43 ಅಥವಾ 44ರಲ್ಲಿ ನಿಂತಿದೆ. ಹಾಗೆಂದು ಇಂದಿನ ಎಲ್ಲ ಐರನ್‌ಗಳೂ ಹೀಗಿಲ್ಲ. ಟೈಟ್ಲಿಸ್ಟ್‌ನ 620 ಎಂಬಿ ಬ್ಲೇಡ್‌ನ 7-ಐರನ್ 35 ಡಿಗ್ರಿಯದು. ಹೆಚ್ಚುಕಡಿಮೆ ಅದೇ ಕಾಲದ ಟೇಲರ್‌ಮೇಡ್ ಸ್ಟೆಲ್ತ್‌ನ 7-ಐರನ್ 28 ಡಿಗ್ರಿಯದು. ಒಂದೇ ಕಾಲದಲ್ಲಿ, ಒಂದೇ ಅಂಕಿ ಹೊತ್ತ ಎರಡು ಕ್ಲಬ್‌ಗಳ ನಡುವೆ 7 ಡಿಗ್ರಿ ಅಂತರವಿರುವಾಗ, ಐವತ್ತು ವರ್ಷಗಳ ಅಂತರದಲ್ಲಿ ಅದೇ ಅಂಕಿಯನ್ನು ಅಳತೆಗೋಲಾಗಿ ಹಿಡಿಯುವುದು ಎಷ್ಟು ಸರಿ ಎಂದು ನೀವೇ ಯೋಚಿಸಿ. ಇಷ್ಟಕ್ಕೂ 7-ಐರನ್‌ಗೆ ಇಷ್ಟೇ ಲಾಫ್ಟ್ ಇರಬೇಕೆಂಬ ನಿಯಮವನ್ನು ಗಾಲ್ಫ್ ನಿಯಮ ರೂಪಿಸುವ ಯುಎಸ್‌ಜಿಎ ಆಗಲಿ ಆರ್ ಅಂಡ್ ಎ ಆಗಲಿ ಎಂದೂ ಮಾಡಿಲ್ಲ.

ಲಾಫ್ಟ್ ಒಂದರಿಂದಲೇ ಎಷ್ಟು ದೂರ ಬದಲಾಗುತ್ತದೆ ಎಂಬುದಕ್ಕೆ ಬಹಳ ಸ್ಪಷ್ಟವಾದ ಸಾಕ್ಷಿಯೊಂದಿದೆ. ಟ್ರ್ಯಾಕ್‌ಮ್ಯಾನ್ ರೇಡಾರ್‌ನಿಂದ ಅಳೆದು ಹಿಂದೆ ಪ್ರಕಟಿಸಿದ ಪಿಜಿಎ ಟೂರ್ (ಅಮೆರಿಕದ ವೃತ್ತಿಪರ ಸರಣಿ) ಸರಾಸರಿಗಳಲ್ಲಿ 7-ಐರನ್‌ನ ಕ್ಲಬ್ ವೇಗ ಗಂಟೆಗೆ 90 ಮೈಲಿ, ಚೆಂಡಿನ ವೇಗ 120 ಮೈಲಿ, ಗಾಳಿಯಲ್ಲಿ ಸಾಗುವ ದೂರ 172 ಗಜ. ಪಿಚಿಂಗ್ ವೆಡ್ಜ್‌ನಲ್ಲಿ ಕ್ಲಬ್ ವೇಗ 83, ಚೆಂಡಿನ ವೇಗ 102, ದೂರ 136 ಗಜ. ಚೆಂಡಿನ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿದಾಗ ಸಿಗುವ ಅಂಕಿಯನ್ನು ಸ್ಮ್ಯಾಷ್ ಫ್ಯಾಕ್ಟರ್ ಎನ್ನುತ್ತಾರೆ. 7-ಐರನ್‌ನಲ್ಲಿ ಅದು 1.33, ಪಿಚಿಂಗ್ ವೆಡ್ಜ್‌ನಲ್ಲಿ 1.23. ಅದೇ ಆಟಗಾರರು, ಅದೇ ಸೆಟ್, ಮುಖದ ನಡುಮಧ್ಯಕ್ಕೆ ತಾಗಿದ ಅದೇ ಬಗೆಯ ಹೊಡೆತಗಳು. ಆದರೂ ಚೆಂಡಿಗೆ ದಾಟುವ ವೇಗ ಅಷ್ಟು ಕಡಿಮೆಯಾದದ್ದು ಬಹುಮಟ್ಟಿಗೆ ಲಾಫ್ಟ್‌ನಿಂದ. ಮುಖ ಹಿಂದಕ್ಕೆ ವಾಲಿದಷ್ಟೂ ಹೊಡೆತದ ಬಲದಲ್ಲಿ ಹೆಚ್ಚಿನ ಪಾಲು ಚೆಂಡನ್ನು ಮುಂದೆ ತಳ್ಳುವ ಬದಲು ಮೇಲೆತ್ತುವುದಕ್ಕೂ ತಿರುಗಿಸುವುದಕ್ಕೂ ಹೋಗುತ್ತದೆ. ನಿಮ್ಮ ಹಳೆಯ 7-ಐರನ್ 40 ಡಿಗ್ರಿ, ಹೊಸದು 29 ಡಿಗ್ರಿ ಇದ್ದರೆ, ಹತ್ತಕ್ಕಿಂತ ಹೆಚ್ಚು ಡಿಗ್ರಿಯ ಆ ಅಂತರವೇ ನಿಮ್ಮ 25 ಗಜದಲ್ಲಿ ಬಹುಪಾಲನ್ನು ತಿಂದುಹಾಕುತ್ತದೆ.

ಉದ್ದದ ಪಾಲೂ ಇದೆ. ಹಳೆಯ 7-ಐರನ್ ಸಾಮಾನ್ಯವಾಗಿ ಮೂವತ್ತಾರೂವರೆ ಅಂಗುಲ, ಹೊಸದು 37 ಅಥವಾ ಅದಕ್ಕಿಂತ ತುಸು ಹೆಚ್ಚು. ಹಳೆಯ ಉಕ್ಕಿನ ಶಾಫ್ಟ್ (ಕ್ಲಬ್‌ನ ಕೋಲು) ಸುಮಾರು 130 ಗ್ರಾಂ ತೂಗುತ್ತಿತ್ತು. ಇಂದು ಸೆಟ್‌ನ ಜೊತೆಗೇ ಬರುವ ಉಕ್ಕಿನ ಶಾಫ್ಟ್‌ಗಳು 100 ಗ್ರಾಂನ ಅಕ್ಕಪಕ್ಕ, ಗ್ರ್ಯಾಫೈಟ್ ಆದರೆ ಇನ್ನೂ ಹಗುರ. ಅರ್ಧ ಅಂಗುಲ ಉದ್ದದಿಂದ ಗಂಟೆಗೆ ಸುಮಾರು ಒಂದು ಮೈಲಿ ವೇಗ ಸಿಕ್ಕರೂ ಸಿಕ್ಕಿತು. ಲಾಫ್ಟ್‌ನ ಮುಂದೆ ಇದು ಚಿಕ್ಕ ಲೆಕ್ಕ.

ಹಾಗಾದರೆ ಇದೆಲ್ಲ ಕಣ್ಕಟ್ಟೇ ಎಂದರೆ, ಅಲ್ಲ. ಲಾಫ್ಟ್ ಕಡಿಮೆ ಮಾಡಿದ್ದು ಬರಿಯ ವ್ಯಾಪಾರದ ಉಪಾಯ ಎಂದು ಬರೆದು ಕೈತೊಳೆದುಕೊಳ್ಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ಬ್ಲೇಡ್‌ನಲ್ಲಿ ಉಕ್ಕೆಲ್ಲ ಒಂದೇ ಗಟ್ಟಿಯಾಗಿ ಮುಖದ ಹಿಂದೆಯೇ, ಹೋಸೆಲ್‌ಗೆ (ಶಾಫ್ಟ್ ಕೂರುವ ಕೊಳವೆಗೆ) ಹತ್ತಿರದಲ್ಲಿ ಕೂತಿರುತ್ತದೆ. ಕಾರ್ಸ್ಟನ್ ಸೋಲ್ಹೈಮ್ ಅವರು ಪಿಂಗ್ ಐರನ್‌ಗಳಲ್ಲಿ ಆ ತೂಕವನ್ನು ನಡುವಿನಿಂದ ತೆಗೆದು ಅಂಚುಗಳಿಗೆ ಹಂಚಿದರು. 1982ರಲ್ಲಿ ಬಂದ ಪಿಂಗ್ ಐ 2 ಆ ವಿಚಾರವನ್ನು ಜಗತ್ತಿನ ಎಲ್ಲ ಮೈದಾನಗಳಿಗೂ ಕೊಂಡೊಯ್ದಿತು. ಈಗ ಮುಖವನ್ನು ತೆಳುವಾದ ಗಟ್ಟಿ ಉಕ್ಕಿನಿಂದ ಮಾಡಿ, ಉಳಿಸಿದ ತೂಕವನ್ನು ಟಂಗ್‌ಸ್ಟನ್ ರೂಪದಲ್ಲಿ ತಳಕ್ಕೂ ಟೋ (ಹೆಡ್‌ನ ಹೊರತುದಿ) ಕಡೆಗೂ ಸೇರಿಸುತ್ತಾರೆ. ಗುರುತ್ವ ಕೇಂದ್ರ ಕೆಳಗೂ ಹಿಂದಕ್ಕೂ ಸರಿದಾಗ, ಅದೇ ಲಾಫ್ಟ್‌ನಲ್ಲಿ ಚೆಂಡು ಮೊದಲಿಗಿಂತ ಎತ್ತರಕ್ಕೆ ಹಾರುತ್ತದೆ. ಇಂತಹ ಹೆಡ್‌ಗೆ ಹಳೆಯ 40 ಡಿಗ್ರಿಯನ್ನೇ ಕೊಟ್ಟರೆ 7-ಐರನ್ ವೆಡ್ಜ್‌ನಂತೆ ಚೆಂಡನ್ನು ಆಕಾಶಕ್ಕೆ ಎತ್ತಿಬಿಡುತ್ತದೆ. ಆದ್ದರಿಂದ ಎಂಜಿನಿಯರ್‌ಗಳು ಕೆಲವು ಡಿಗ್ರಿ ಇಳಿಸಿದ್ದಕ್ಕೆ ನ್ಯಾಯವಾದ ಕಾರಣವಿದೆ. ಅಗತ್ಯವಿದ್ದದ್ದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚೇ ಇಳಿಸಿದ್ದು ಮಾತ್ರ, ಅಂಗಡಿಯ ನೆಟ್‌ನಲ್ಲಿ ಹತ್ತು ಗಜ ಹೆಚ್ಚು ತೋರಿಸಿದ ಕ್ಲಬ್ಬೇ ಮಾರಾಟವಾಗುತ್ತದೆ ಎಂಬ ಕಾರಣಕ್ಕೆ.

ನಿಮ್ಮ ಪರೀಕ್ಷೆಯನ್ನು ಹೀಗೆ ಮಾಡಿ: ಲಾಫ್ಟ್ ಹತ್ತಿರವಿರುವ ಜೋಡಿಗಳನ್ನು ಆರಿಸಿ, ಮೈದಾನದಲ್ಲಿ ನೀವು ಆಡುವ ಚೆಂಡನ್ನೇ ಬಳಸಿ, ಒಂದು ಹೊಡೆತ ಹಳೆಯದರಲ್ಲಿ, ಒಂದು ಹೊಸದರಲ್ಲಿ ಎಂದು ಸರದಿಯಂತೆ ಹೊಡೆಯಿರಿ. ಒಂದೇ ಕ್ಲಬ್‌ನಲ್ಲಿ ಇಪ್ಪತ್ತು ಹೊಡೆದು ಆಮೇಲೆ ಇನ್ನೊಂದನ್ನು ಎತ್ತಿಕೊಂಡರೆ ಎರಡನೆಯದರ ಪಾಲಿಗೆ ನಿಮ್ಮ ಆಯಾಸವೂ ಸೇರುತ್ತದೆ.

ಉತ್ತರ — ಪಿಚ್‌ಮಾರ್ಕ್

ಮೇಲಿನ ಉತ್ತರದಲ್ಲಿ ಹೇಳಿದ್ದೆಲ್ಲ ಸರಿ. ಆದರೆ ಐರನ್ ಇರುವುದು ದೂರ ಹೊಡೆಯುವುದಕ್ಕಲ್ಲ, ಬೇಕಾದ ದೂರಕ್ಕೆ ಹೊಡೆದು ಅಲ್ಲೇ ನಿಲ್ಲಿಸುವುದಕ್ಕೆ. ಆದ್ದರಿಂದ ಚೆಂಡು ನೆಲಕ್ಕೆ ಇಳಿಯುವ ಕೋನದ ವಿಚಾರವನ್ನೂ ಸೇರಿಸಬೇಕು. ಪಿಜಿಎ ಟೂರ್ ಆಟಗಾರರ 7-ಐರನ್ ಹೊಡೆತ ನಿಮಿಷಕ್ಕೆ 7,000 ಸುತ್ತಿನಷ್ಟು ಸ್ಪಿನ್ ಹೊತ್ತು ಹೊರಟು, ಸರಾಸರಿ 50 ಡಿಗ್ರಿ ಕೋನದಲ್ಲಿ ಇಳಿಯುತ್ತದೆ. ಇಳಿಯುವ ಕೋನ 45 ಡಿಗ್ರಿಗಿಂತ ಕೆಳಗೆ ಹೋದಂತೆಲ್ಲ, ಗ್ರೀನ್ (ಗುಳಿಯ ಸುತ್ತಲಿನ ನಯ ಹುಲ್ಲುಹಾಸು) ಗಟ್ಟಿಯಿದ್ದ ದಿನ ಚೆಂಡು ನಿಲ್ಲದೆ ಹಿಂಭಾಗದಿಂದ ಆಚೆ ಉರುಳುತ್ತದೆ. ತಗ್ಗಿದ ಗುರುತ್ವ ಕೇಂದ್ರ ಎತ್ತರವನ್ನು ವಾಪಸು ಕೊಡುತ್ತದೆ, ನಿಜ. ಆದರೆ ಲಾಫ್ಟ್ ಕಡಿಮೆಯಾದಾಗ ಕಳೆದುಹೋದ ಸ್ಪಿನ್ನನ್ನು ಅದು ಪೂರ್ತಿಯಾಗಿ ಕೊಡಲಾರದು. ನಿಮ್ಮಂತೆ 80 ಮೈಲಿ ವೇಗದವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ವೇಗ ಕಡಿಮೆಯಿದ್ದವರಿಗೆ ಎತ್ತರ ಮತ್ತು ಸ್ಪಿನ್ ಎರಡೂ ಸಹಜವಾಗಿಯೇ ಕಡಿಮೆ.

ಆದ್ದರಿಂದ ಪರೀಕ್ಷೆ ಮಾಡುವಾಗ ದೂರದ ಅಂಕಣದ ಪಕ್ಕದಲ್ಲೇ ಇಳಿಯುವ ಕೋನವನ್ನೂ ಬರೆದುಕೊಳ್ಳಿ. ಯಂತ್ರವಿಲ್ಲದಿದ್ದರೂ ಚಿಂತೆಯಿಲ್ಲ, ಗ್ರೀನ್ ಮೇಲೆ ಚೆಂಡು ಬಿದ್ದ ಗುರುತನ್ನು ನೋಡಿ. ಬಟ್ಟಲಿನಂತೆ ದುಂಡಗೆ ತಗ್ಗಿ, ಮುಂದಿನ ಅಂಚಿನಲ್ಲಿ ಹುಲ್ಲು ಮೇಲೆದ್ದಿದ್ದರೆ ಚೆಂಡು ಕಡಿದಾಗಿ ಇಳಿದಿದೆ. ಉದ್ದಕ್ಕೆ ಕೆರೆದಂತಿದ್ದರೆ ಓರೆಯಾಗಿ ಬಂದಿದೆ. ಬಿದ್ದ ಗುರುತಿನಿಂದ ಚೆಂಡು ನಿಂತ ಜಾಗಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿದರೆ ಉಳಿದದ್ದು ತಿಳಿಯುತ್ತದೆ.

ಎರಡನೆಯ ವಿಷಯ ಚೆಂಡಿನದು. ನಿಮ್ಮ ದೊಡ್ಡಪ್ಪನವರ ಕ್ಲಬ್‌ಗಳು ಹುಟ್ಟಿದ ಕಾಲದ ಉತ್ತಮ ಚೆಂಡೆಂದರೆ ರಬ್ಬರ್ ದಾರ ಸುತ್ತಿ ಮೇಲೆ ಬಲಾಟಾ ಎಂಬ ಮೆತ್ತನೆಯ ಹೊದಿಕೆ ಹಾಕಿದ್ದು. ಅದು ಬಹಳ ಸ್ಪಿನ್ ಆಗುತ್ತಿತ್ತು, ಐರನ್‌ನ ಅಂಚು ಚೆಂಡಿನ ಮೇಲ್ಭಾಗಕ್ಕೆ ತಾಗಿದರೆ ಹೊದಿಕೆ ಸೀಳಿಯೇಹೋಗುತ್ತಿತ್ತು. 2000ನೇ ಇಸವಿಯ ಅಕ್ಟೋಬರ್‌ನಲ್ಲಿ ಟೈಟ್ಲಿಸ್ಟ್‌ನ ಪ್ರೊ ವಿ1 ಎಂಬ ಚೆಂಡು ಬಂದ ಮೇಲೆ ದಾರ ಸುತ್ತಿದ ಚೆಂಡು ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಹಾಗಾಗಿ ಹಳೆಯ ಬ್ಲೇಡ್‌ನಲ್ಲಿ ಇಂದು ನೀವು ಹೊಡೆಯುವ 125 ಗಜ, ಅಂದಿನ ಆಟಗಾರ ಅದೇ ಕ್ಲಬ್‌ನಲ್ಲಿ ಕಂಡ ದೂರವಲ್ಲ. ಗಾಳಿಗೆ ಎದುರಾಗಿ ಹೊಡೆಯುವಾಗ ವ್ಯತ್ಯಾಸ ಇನ್ನೂ ಹೆಚ್ಚು ಕಾಣುತ್ತದೆ. ಹಳೆಯ ಕ್ಲಬ್ ಹೊಸ ಚೆಂಡಿನ ಲಾಭವನ್ನು ಪಡೆಯುತ್ತಿದೆ ಎಂಬುದನ್ನು ಲೆಕ್ಕದಲ್ಲಿಡಿ.

ಅಂಕಿಗಳ ವಿಚಾರದಲ್ಲಿ ಒಂದು ಮಾತು ಸೇರಿಸುತ್ತೇನೆ. ಅಂಕಿಗಳಿಗೂ ಮೊದಲು ಐರನ್‌ಗಳಿಗೆ ಹೆಸರುಗಳಿದ್ದವು: ಇಂದಿನ 5-ಐರನ್‌ನ ಜಾಗದಲ್ಲಿ ಮ್ಯಾಶಿ, 9-ಐರನ್‌ನ ಜಾಗದಲ್ಲಿ ನಿಬ್ಲಿಕ್. ಆಗಲೂ ಒಬ್ಬ ತಯಾರಕನ ಮ್ಯಾಶಿ ಇನ್ನೊಬ್ಬನ ಮ್ಯಾಶಿಯಂತಿರಲಿಲ್ಲ. ಹೆಸರು ಹೋಗಿ ಅಂಕಿ ಬಂದಾಗ ಎಲ್ಲ ಖಚಿತವಾಯಿತೆಂಬ ಭಾವನೆ ಮೂಡಿತು, ಅಷ್ಟೇ. ಲಾಫ್ಟ್ ಇಳಿಯುತ್ತ ಬಂದದ್ದರ ಇನ್ನೊಂದು ತುದಿಯಲ್ಲಿ ಉದ್ದ ಐರನ್‌ಗಳು ಕಣ್ಮರೆಯಾದವು. 1950ರ ಯುಎಸ್ ಓಪನ್‌ನಲ್ಲಿ, ಮೆರಿಯನ್‌ನ ಎಪ್ಪತ್ತೆರಡನೆಯ ಹೋಲ್‌ನಲ್ಲಿ ಬೆನ್ ಹೋಗನ್ ಗ್ರೀನ್‌ಗೆ ಹೊಡೆದದ್ದು 1-ಐರನ್‌ನಲ್ಲಿ. 1972ರಲ್ಲಿ ಪೆಬಲ್ ಬೀಚ್‌ನ ಹದಿನೇಳನೆಯ ಹೋಲ್‌ನಲ್ಲಿ ಜ್ಯಾಕ್ ನಿಕ್ಲಾಸ್ ಗುಳಿಯ ಬಾವುಟದ ಕಂಬಕ್ಕೇ ತಾಗಿಸಿದ್ದು ಕೂಡ 1-ಐರನ್‌ನಲ್ಲಿ. ಇಂದು ಆ ಲಾಫ್ಟ್ ಹೆಚ್ಚಿನವರ ಚೀಲದಲ್ಲಿ ಹೈಬ್ರಿಡ್ ಅಥವಾ ಫೇರ್‌ವೇ ವುಡ್‌ನ ರೂಪದಲ್ಲಿದೆ; ನಿಮ್ಮ ಹೊಸ 5-ಐರನ್ 22 ಡಿಗ್ರಿಯ ಸುಮಾರಿನಲ್ಲಿದ್ದರೆ ಅದು ನಿಜದಲ್ಲಿ ಹಳೆಯ 2 ಮತ್ತು 3-ಐರನ್‌ಗಳ ನಡುವಿನದು. ಅದು ನಿಮ್ಮ ಕೈಯಲ್ಲಿ ಸರಿಯಾಗಿ ಮೇಲೇಳುತ್ತಿದೆಯೇ ಎಂದು ಪ್ರಾಮಾಣಿಕವಾಗಿ ನೋಡಿಕೊಳ್ಳಿ.

ಮರಳಿ — ನಿಧಾನಸ್ವಿಂಗ್

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ನೀವು ಹೇಳಿದಂತೆ ಎರಡೂ ಸೆಟ್‌ಗಳನ್ನು ಅಳೆಸಿದೆ. ಹಳೆಯದರಲ್ಲಿ 4-ಐರನ್ 28 ಡಿಗ್ರಿ, 5-ಐರನ್ 32, 6-ಐರನ್ 36, ಇಷ್ಟೂ ಅಚ್ಚುಕಟ್ಟು. 7-ಐರನ್ 39 ಡಿಗ್ರಿಗೆ ಇಳಿದಿತ್ತು, 8-ಐರನ್ ನಲವತ್ತನಾಲ್ಕೂವರೆಗೆ ಏರಿತ್ತು. ಅಂದರೆ ಅವೆರಡರ ನಡುವೆ ನಾಲ್ಕರ ಬದಲು ಐದೂವರೆ ಡಿಗ್ರಿಯ ಕಂದಕ. ದೊಡ್ಡಪ್ಪನವರು 8-ಐರನ್ನನ್ನು ಯಾಕೋ ಯಾವಾಗಲೂ ಬೈಯುತ್ತಿದ್ದುದು ನೆನಪಾಯಿತು. ಪಿಚಿಂಗ್ ವೆಡ್ಜ್ 52 ಡಿಗ್ರಿ. ಹೊಸ ಸೆಟ್‌ನಲ್ಲಿ 5-ಐರನ್ ಇಪ್ಪತ್ತೆರಡೂವರೆ, 7-ಐರನ್ 29, 9-ಐರನ್ ಮೂವತ್ತೆಂಟೂವರೆ, ಪಿಚಿಂಗ್ ವೆಡ್ಜ್ ನಲವತ್ಮೂರೂವರೆ.

ಮೊದಲ ಜೋಡಿಯಾಗಿ ಹಳೆಯ 7-ಐರನ್ ಮತ್ತು ಹೊಸ 9-ಐರನ್ ಹಿಡಿದೆ. ಲಾಫ್ಟ್‌ನಲ್ಲಿ ಅರ್ಧ ಡಿಗ್ರಿ ಅಂತರ, ಉದ್ದದಲ್ಲಿ ಹಳೆಯದೇ ಅರ್ಧ ಅಂಗುಲ ಹೆಚ್ಚು. ಚೆಂಡು ಎಲ್ಲಿ ತಾಗಿತೆಂದು ತಿಳಿಯಲು ಮುಖಕ್ಕೆ ಪಾದಕ್ಕೆ ಹಾಕುವ ಪೌಡರ್ ಸ್ಪ್ರೇ ಸಿಂಪಡಿಸಿದೆ. ಬಿಳಿಯ ಪುಡಿಯ ಮೇಲೆ ಚೆಂಡಿನ ಗುಳಿಗಳ ಅಚ್ಚು ಅಷ್ಟು ಸ್ಪಷ್ಟವಾಗಿ ಮೂಡುತ್ತದೆಂದು ನನಗೆ ತಿಳಿದಿರಲಿಲ್ಲ. ಎರಡರಲ್ಲೂ ಸರದಿಯಂತೆ ಹದಿನೈದು ಹದಿನೈದು ಹೊಡೆತ. ಅಚ್ಚು ನಡುಮಧ್ಯದಲ್ಲಿದ್ದ ಹೊಡೆತಗಳನ್ನಷ್ಟೇ ತೆಗೆದುಕೊಂಡರೆ ಹೊಸದು 129 ಗಜ, ಹಳೆಯದು 126. ಕೇವಲ ಮೂರು ಗಜ! ಅಚ್ಚು ಟೋ ಕಡೆಗೆ ಒಂದು ಬೆರಳಗಲ ಸರಿದ ಹೊಡೆತಗಳ ಕತೆಯೇ ಬೇರೆ. ಹೊಸದರಲ್ಲಿ ಆರೇಳು ಗಜ ಕಳೆದುಕೊಂಡರೆ, ಹಳೆಯದರಲ್ಲಿ ಹದಿನೈದು ಗಜ ಹೋಯಿತು, ಜೊತೆಗೆ ಕೈಯೆಲ್ಲ ಜುಮ್ಮೆಂದಿತು.

ಎರಡನೆಯ ಜೋಡಿ ಹಳೆಯ 4-ಐರನ್ ಮತ್ತು ಹೊಸ 7-ಐರನ್. ಲಾಫ್ಟ್ 28 ಮತ್ತು 29. ಉದ್ದ 38 ಮತ್ತು 37. ನನ್ನ ಅತ್ಯುತ್ತಮ ಹೊಡೆತಗಳಲ್ಲಿ ಎರಡೂ 150ರ ಆಚೆ ಈಚೆಯೇ ಬಿದ್ದವು. ಆದರೆ ಹಳೆಯದರಲ್ಲಿ ಅಂತಹ ಹೊಡೆತ ಬಂದದ್ದು ಹದಿನೈದರಲ್ಲಿ ಮೂರು. ಉಳಿದವು ಸೊಂಟದೆತ್ತರಕ್ಕೆ ಹಾರಿ ಓಡಿದವು. ಹೊಸದರಲ್ಲಿ ಹನ್ನೊಂದು ಹೊಡೆತಗಳು 140 ದಾಟಿದವು. ಇಳಿಯುವ ಕೋನವೂ ಹೊಸದರದ್ದೇ ಚೆನ್ನಾಗಿತ್ತು. ಆದರೂ ಮೊದಲ ಜೋಡಿಯ ಕಡಿದಾದ ಇಳಿಜಾರಿಗೆ ಅದು ಸಮನಲ್ಲ, ನನಗೆ 45 ಡಿಗ್ರಿ ಮುಟ್ಟಿದ್ದು ಅಪರೂಪ.

ಅಂದರೆ ಒಳ್ಳೆಯ ಹೊಡೆತಕ್ಕೆ ಐವತ್ತು ವರ್ಷಗಳ ತಂತ್ರಜ್ಞಾನ ಕೊಟ್ಟದ್ದು ಮೂರು ಗಜ, ಕೆಟ್ಟ ಹೊಡೆತಕ್ಕೆ ಕೊಟ್ಟದ್ದು ಬಹಳ ಹೆಚ್ಚು, ಅದರಲ್ಲೂ ಲಾಫ್ಟ್ ಕಡಿಮೆಯಿರುವ ಕ್ಲಬ್‌ಗಳಲ್ಲಿ. ನನ್ನ ಓದು ಸರಿಯೇ? ಇನ್ನೊಂದು ಪ್ರಶ್ನೆ: ಹಳೆಯ 7-ಐರನ್ನನ್ನು ಬಗ್ಗಿಸಿ ಲಾಫ್ಟ್ ಇಳಿಸಿಕೊಂಡರೆ ಎರಡರ ಲಾಭವೂ ಸಿಗಬಹುದೇ? ಹೊಸ ಪಿಚಿಂಗ್ ವೆಡ್ಜ್‌ಗೂ ನನ್ನ 56 ಡಿಗ್ರಿಯ ಸ್ಯಾಂಡ್ ವೆಡ್ಜ್‌ಗೂ ನಡುವೆ ಹನ್ನೆರಡೂವರೆ ಡಿಗ್ರಿ ಬಯಲಾಗಿ ಬಿದ್ದಿರುವುದೂ ಈಗಷ್ಟೇ ಗಮನಕ್ಕೆ ಬಂತು. 100 ಗಜದ ಹೊಡೆತದಲ್ಲಿ ನಾನು ಇಷ್ಟು ದಿನ ತಡವರಿಸುತ್ತಿದ್ದುದಕ್ಕೆ ಇದೇ ಕಾರಣವಿರಬೇಕು.

ಉತ್ತರ — ಹೋಸೆಲ್

ಕ್ಲಬ್ ರಿಪೇರಿಯ ಬೆಂಚಿನ ಮುಂದೆ ಬಹಳ ವರ್ಷ ಕಳೆದವನಾಗಿ ನಿಮ್ಮ ಬಗ್ಗಿಸುವ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಹತ್ತು ಡಿಗ್ರಿ ಇಳಿಸುವ ಯೋಚನೆ ಬಿಡಿ. ಫೋರ್ಜ್ಡ್ ಕಾರ್ಬನ್ ಉಕ್ಕು ಮೆದುವಾದದ್ದರಿಂದ ಒಂದೆರಡು ಡಿಗ್ರಿ ನಿರಾತಂಕವಾಗಿ ಬಾಗುತ್ತದೆ. ಅದರಾಚೆಗೆ ಹೋಸೆಲ್‌ನ ಬುಡಕ್ಕೆ ಅಪಾಯ. ಅಪಾಯವಿಲ್ಲದಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಲಾಫ್ಟ್ ಒಂದು ಡಿಗ್ರಿ ಇಳಿಸಿದರೆ ತಳದ ಬೌನ್ಸ್ (ತಳದ ಹಿಂಬದಿ ಮುಂದಿನ ಅಂಚಿಗಿಂತ ತಗ್ಗಿರುವ ಕೋನ) ಕೂಡ ಒಂದು ಡಿಗ್ರಿ ಇಳಿಯುತ್ತದೆ. ಆ ಕಾಲದ ಬ್ಲೇಡ್‌ಗಳ ತಳ ಮೊದಲೇ ತೆಳು, ಬೌನ್ಸ್ ಮೊದಲೇ ಕಡಿಮೆ. ಇನ್ನೂ ಕಡಿಮೆಯಾದರೆ ಮುಂದಿನ ಅಂಚು ಗುದ್ದಲಿಯಂತೆ ನೆಲಕ್ಕೆ ಕಚ್ಚುತ್ತದೆ. ಗುರುತ್ವ ಕೇಂದ್ರವಂತೂ ಇದ್ದಲ್ಲೇ ಇರುತ್ತದೆ. ಕೊನೆಗೆ ನಿಮಗೆ ಸಿಗುವುದು, 4-ಐರನ್‌ನಲ್ಲಿ ನೀವೇ ಕಂಡ ಸೊಂಟದೆತ್ತರದ ಹಾರಾಟ.

ನಿಮ್ಮ ಓದು ಸರಿಯಾಗಿದೆ, ಆದರೆ ಅದಕ್ಕೊಂದು ತಿದ್ದುಪಡಿ. ಒಳ್ಳೆಯ ಹೊಡೆತಕ್ಕೆ ಸಿಕ್ಕ ಮೂರು ಗಜ 9-ಐರನ್‌ನ ಲೆಕ್ಕ. ತೆಳುಮುಖ ಸ್ಪ್ರಿಂಗ್‌ನಂತೆ ಬಾಗಿ ಮರಳುವ ಗುಣ ಲಾಫ್ಟ್ ಕಡಿಮೆಯಿರುವ ಕ್ಲಬ್‌ಗಳಲ್ಲಿ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಚೆಂಡು ಮುಖಕ್ಕೆ ನೇರವಾಗಿ ಗುದ್ದುತ್ತದೆ. 9-ಐರನ್‌ನಲ್ಲಿ ಚೆಂಡು ಮುಖದ ಮೇಲೆ ಹತ್ತುವಂತೆ ಜಾರುತ್ತದೆ, ಮುಖ ಬಾಗುವ ಪ್ರಮಾಣ ಕಡಿಮೆ. ಎರಡನೆಯ ಜೋಡಿಯಲ್ಲಿ ಹಳೆಯ ಕ್ಲಬ್ ಒಂದು ಅಂಗುಲ ಉದ್ದವಾಗಿದ್ದೂ ಹೊಸದಕ್ಕೆ ಸಮ ಬಂತಷ್ಟೇ ಎಂಬುದನ್ನು ಗಮನಿಸಿ. ಉದ್ದ ಸಮವಿದ್ದಿದ್ದರೆ ಹೊಸದು ಕೆಲವು ಗಜ ಮುಂದೆ ಬೀಳುತ್ತಿತ್ತು.

ಹಳೆಯ ಸೆಟ್ಟನ್ನು ಆಟಕ್ಕೆ ತರುವುದಾದರೆ 7-ಐರನ್ನನ್ನು ಒಂದು ಡಿಗ್ರಿ ಏರಿಸಿ, 8-ಐರನ್ನನ್ನು ಅರ್ಧ ಡಿಗ್ರಿ ಇಳಿಸಿ. ಇಷ್ಟರಿಂದಲೇ ಆ ಐದೂವರೆ ಡಿಗ್ರಿಯ ಕಂದಕ ನಾಲ್ಕಕ್ಕೆ ಬರುತ್ತದೆ. ಲೈ ಕೋನವನ್ನೂ ಅದೇ ಸಲ ನೋಡಿಸಿ. ಹಳೆಯ ಐರನ್‌ಗಳು ಇಂದಿನವಕ್ಕಿಂತ ಸಾಮಾನ್ಯವಾಗಿ ಒಂದೆರಡು ಡಿಗ್ರಿ ಚಪ್ಪಟೆ. ಹೊಸ ಸೆಟ್‌ನ ನಿಲುವಿಗೆ ಒಗ್ಗಿದವರು ಅವನ್ನು ಹಿಡಿದಾಗ ಟೋ ಮೊದಲು ನೆಲ ಮುಟ್ಟಿ, ಬಲಗೈ ಆಟಗಾರನ ಚೆಂಡು ಬಲಕ್ಕೆ ಸರಿಯುತ್ತದೆ. ನಿಮ್ಮ ಹೊಡೆತಗಳಲ್ಲಿ ಟೋ ಕಡೆಗೆ ತಾಗಿದವು ಅಷ್ಟೊಂದು ಇದ್ದುದಕ್ಕೆ ಇದೂ ಕಾರಣವಾಗಿರಬಹುದು. ಶಾಫ್ಟ್‌ನ ಒಳಗೆ ತುಕ್ಕು ಹಿಡಿದಿದೆಯೇ ಎಂದು ಹಿಡಿ ಬದಲಾಯಿಸುವಾಗ ಮೇಲಿನಿಂದ ಟಾರ್ಚ್ ಬಿಟ್ಟು ನೋಡಲು ಹೇಳಿ. ಒಂದು ಸಲ ನನ್ನ ಕೈಯಲ್ಲೇ ಹಳೆಯ 6-ಐರನ್ ಹೋಸೆಲ್‌ನಿಂದ ಎರಡು ಅಂಗುಲ ಮೇಲೆ ಮುರಿದು, ಹೆಡ್ ಚೆಂಡಿಗಿಂತ ದೂರ ಹೋಗಿ ಬಿದ್ದಿತು. ಮುಂದೆ ನಿಂತವರಿಗೆ ತಾಗದೆ ಹೋದದ್ದು ಪುಣ್ಯ. ಶಾಫ್ಟ್ ಬದಲಾಯಿಸುವುದಾದರೆ, ಹಳೆಯ ಹೆಡ್‌ಗಳಲ್ಲಿ ಶಾಫ್ಟನ್ನು ಹಿಡಿದಿಡಲು ಅಡ್ಡಲಾಗಿ ಚಿಕ್ಕ ಪಿನ್ ಹೊಡೆದಿರುವ ಸಾಧ್ಯತೆಯಿದೆ. ಅದನ್ನು ಮೊದಲು ಹೊರಗೆ ತೆಗೆಯದೆ ಶಾಫ್ಟ್ ಎಳೆದರೆ ಹೋಸೆಲ್ ಹಾಳಾಗುತ್ತದೆ.

ಇನ್ನು 100 ಗಜದ ತಡವರಿಕೆ. ನಿಮ್ಮ ಊಹೆ ನಿಜ, ಇದು ಲಾಫ್ಟ್ ಇಳಿದದ್ದರ ನೇರ ಪರಿಣಾಮ. 1932ರ ಬ್ರಿಟಿಷ್ ಓಪನ್‌ನಲ್ಲಿ ಜೀನ್ ಸಾರಜನ್ ಬಳಕೆಗೆ ತಂದ ಸ್ಯಾಂಡ್ ವೆಡ್ಜ್ ಅಂದಿನಿಂದ ಹೆಚ್ಚುಕಡಿಮೆ 55, 56ರ ಆಸುಪಾಸಿನಲ್ಲೇ ಉಳಿಯಿತು. ಪಿಚಿಂಗ್ ವೆಡ್ಜ್ ಮಾತ್ರ 52ರಿಂದ 43ಕ್ಕೆ ಓಡಿಹೋಯಿತು. ನಡುವೆ ಉಂಟಾದ ತೆರಪಿಗೆ ಗ್ಯಾಪ್ ವೆಡ್ಜ್ ಎಂಬ ಹೆಸರಿನ ಕ್ಲಬ್ ಹುಟ್ಟಿಕೊಂಡಿತು. ನಿಮ್ಮ ವಿಷಯದಲ್ಲಿ ಒಂದಲ್ಲ, ಎರಡು ಬೇಕು: 48ರದೊಂದು, 52ರದೊಂದು. 14 ಕ್ಲಬ್‌ಗಳ ಮಿತಿ 1938ರಿಂದಲೂ ಇದೆ, ಆದ್ದರಿಂದ ಎಣಿಸಿ ನೋಡೋಣ: ಡ್ರೈವರ್, 3-ವುಡ್, ಎರಡು ಹೈಬ್ರಿಡ್, 5-ಐರನ್‌ನಿಂದ ಪಿಚಿಂಗ್ ವೆಡ್ಜ್‌ವರೆಗೆ ಆರು, ಮೂರು ವೆಡ್ಜ್, ಒಂದು ಪಟರ್. ಸರಿಯಾಗಿ 14.

52 ಡಿಗ್ರಿಯ ವೆಡ್ಜ್‌ಗಾಗಿ ಹಣ ಕೊಡುವ ಮೊದಲು ದೊಡ್ಡಪ್ಪನವರ ಪಿಚಿಂಗ್ ವೆಡ್ಜನ್ನು ಒಮ್ಮೆ ನೋಡಿ. ಅದು ಅಳತೆಯಲ್ಲಿ ಅಷ್ಟೇ ಇದೆಯೆಂದು ನೀವೇ ಬರೆದಿದ್ದೀರಿ. ಇಷ್ಟು ಲಾಫ್ಟ್ ಇರುವ ಕ್ಲಬ್‌ನಲ್ಲಿ ತೆಳುಮುಖದಿಂದಲೂ ಟಂಗ್‌ಸ್ಟನ್‌ನಿಂದಲೂ ಸಿಗುವುದು ಅತ್ಯಲ್ಪ. ಗ್ರೂವ್‌ಗೆ ಅಡ್ಡಲಾಗಿ ಬೆರಳಿನ ಉಗುರನ್ನು ಎಳೆಯಿರಿ. ಪ್ರತಿ ಗೆರೆಯಲ್ಲೂ ಉಗುರು ಸಿಕ್ಕಿಕೊಂಡರೆ ಅದಿನ್ನೂ ಆಟಕ್ಕೆ ಬರುತ್ತದೆ. ಸುಮ್ಮನೆ ಜಾರಿದರೆ ಗ್ರೀನ್ ಮೇಲೆ ಚೆಂಡು ನಿಲ್ಲುವುದಿಲ್ಲ.

ಮರಳಿ — ನಿಧಾನಸ್ವಿಂಗ್

ಉಗುರು ಎಳೆದು ನೋಡಿದೆ. ಕೆಳಗಿನ ಎರಡು ಗೆರೆಗಳಲ್ಲಿ ಸ್ವಲ್ಪ ಜಾರುತ್ತದೆ, ಅಲ್ಲಿಂದ ಮೇಲೆ ಎಲ್ಲದರಲ್ಲೂ ಗಟ್ಟಿಯಾಗಿ ಸಿಕ್ಕುತ್ತದೆ. ನಿನ್ನೆ ಸಂಜೆ ಪ್ರಾಕ್ಟೀಸ್ ಗ್ರೀನ್‌ಗೆ ಅದರಲ್ಲಿ ಹತ್ತು ಚೆಂಡು ಹೊಡೆದೆ. ಏಳು ಚೆಂಡುಗಳು ಬಿದ್ದ ಗುರುತಿನಿಂದ ಎರಡು ಹೆಜ್ಜೆಯೊಳಗೆ ನಿಂತವು. ಪೂರ್ಣ ಸ್ವಿಂಗ್‌ನಲ್ಲಿ 92 ಗಜದ ಸುಮಾರು ಬರುತ್ತಿದೆ, ನನಗೆ ಬೇಕಾಗಿದ್ದ ದೂರವೇ ಅದು. ಹೊಸ ಹಿಡಿ ಹಾಕಿಸಲು, ಲೈ ಒಂದು ಡಿಗ್ರಿ ಎತ್ತಿಸಲು, ಶಾಫ್ಟ್‌ನ ಒಳಭಾಗ ನೋಡಿಸಲು ಕೊಟ್ಟು ಬಂದಿದ್ದೇನೆ. ಇನ್ನು 48 ಡಿಗ್ರಿಯದೊಂದನ್ನು ಹುಡುಕಬೇಕು.